ಲೈವ್ ಲಿನಕ್ಸ್ ಪ್ರತಿಗಳ ಬೂಟ್ ಪರೀಕ್ಷೆ: ಬಾಸ್ ನೆಲೆಯಿಂದ ಕೆಲವು ವಿಚಾರಗಳು

ಚೆನ್ನೈನ ಅಡ್ಯಾರಿನಿಂದ ತುಸು ದಕ್ಷಿಣಕ್ಕೆ ಹೋದರೆ ತರಮಣಿಯ ಟೈಡಲ್ ಪಾರ್ಕ್. ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್‌ನ ಚೆನ್ನೈ ಕೇಂದ್ರ ಇರುವುದು ಅಲ್ಲಿ. ಡೆಬಿಯನ್ ಆಧಾರಿತ ಬಾಸ್ ಲಿನಕ್ಸ್ 2007ರಲ್ಲಿ ಹೊರಬಂದದ್ದು ಈ ಕೇಂದ್ರದ ದುಡಿಮೆಯಿಂದ. ಅದರ ಲೈವ್ ಪ್ರತಿಯನ್ನು ಪೆನ್‌ಡ್ರೈವ್‌ಗೆ ಬರೆದುಕೊಂಡರೆ ಹಾರ್ಡ್‌ಡಿಸ್ಕ್ ಮುಟ್ಟದೆಯೇ ಕೆಲಸ ಮಾಡಬಹುದು. ಹಳೆಯ, ಹೊಸ ಕಂಪ್ಯೂಟರುಗಳು ಬೆರೆತಿರುವ ನಮ್ಮ ಶಾಲೆ, ಕಚೇರಿಗಳಿಗೆ ಇದು ದೊಡ್ಡ ಅನುಕೂಲ. ಆದರೆ ಪ್ರತಿ ಎಲ್ಲ ಯಂತ್ರಗಳಲ್ಲೂ ಏಳುತ್ತದೆಯೇ ಎಂಬ ಪರೀಕ್ಷೆಯಲ್ಲಿ ‘ಆಯಿತು’, ‘ಆಗಲಿಲ್ಲ’ ಎಂದಷ್ಟೇ ಬರೆದಿಟ್ಟರೆ ಸಾಲದು. ಎಲ್ಲಿ ನಿಂತಿತು ಎಂಬುದೇ ಮುಖ್ಯ ದಾಖಲೆ.

ಮೊದಲ ತೊಡಕು ಫರ್ಮ್‌ವೇರ್‌ನದು. ಹಳೆಯ ಬಯೋಸ್ ಪೆನ್‌ಡ್ರೈವಿನ ಮೊದಲ ಸೆಕ್ಟರನ್ನು ಓದಿ ಅಲ್ಲಿರುವ ಕೋಡನ್ನು ನಡೆಸುತ್ತದೆ. ಯುಇಎಫ್‌ಐ ನಿಗದಿತ ಹೆಸರಿನ ಬೂಟ್ ಕಡತವನ್ನು ಹುಡುಕುತ್ತದೆ. 64 ಬಿಟ್ ಪ್ರೊಸೆಸರ್ ಇದ್ದೂ 32 ಬಿಟ್ ಯುಇಎಫ್‌ಐ ಹೊತ್ತು ಬಂದ ಬೇ ಟ್ರೇಲ್ ಟ್ಯಾಬ್ಲೆಟ್ಟುಗಳಲ್ಲಿ, ಅದಕ್ಕೆ ತಕ್ಕ ಕಡತ ಇಲ್ಲದಿದ್ದರೆ ಪೆನ್‌ಡ್ರೈವ್ ಏಳುವುದೇ ಇಲ್ಲ. ಡೆಬಿಯನ್ ಇದಕ್ಕೆ ದಾರಿ ಮಾಡಿದ್ದು 2015ರ 8ನೇ ಆವೃತ್ತಿಯಲ್ಲಿ; ಸೆಕ್ಯೂರ್ ಬೂಟ್ ಬೆಂಬಲ ಬಂದದ್ದು 2019ರ 10ನೇ ಆವೃತ್ತಿಯಲ್ಲಿ.

ಹೆಚ್ಚು ತಪ್ಪಾಗಿ ಅರ್ಥವಾಗುವುದು ಎರಡನೆಯ ಹಂತ. ಮೆನು ಬಂತು, ಕರ್ನೆಲ್ ಸಾಲುಗಳು ಓಡಿದವು, ಅಷ್ಟರಲ್ಲಿ ಕಪ್ಪು ಪರದೆಯ ಮೇಲೆ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್. ಪೆನ್‌ಡ್ರೈವ್ ಕೆಟ್ಟಿದೆ ಎಂದು ಜನ ಅದನ್ನು ಎಸೆಯುವುದು ಇಲ್ಲಿಯೇ. ನಡೆದದ್ದು ಬೇರೆ. ಕರ್ನೆಲನ್ನು ಮೆಮೊರಿಗೆ ತಂದದ್ದು ಫರ್ಮ್‌ವೇರ್‌ನ ನೆರವು. ಆಮೇಲೆ ಕರ್ನೆಲ್ ಅದೇ ಪೆನ್‌ಡ್ರೈವನ್ನು ತನ್ನದೇ ಡ್ರೈವರಿನಿಂದ ಮತ್ತೊಮ್ಮೆ ಹುಡುಕಿ, ಇಡೀ ವ್ಯವಸ್ಥೆ ಅಡಕವಾಗಿರುವ ಸ್ಕ್ವಾಶ್‌ಎಫ್‌ಎಸ್ ಕಡತವನ್ನು ಮೌಂಟ್ ಮಾಡಬೇಕು. ಆ ಪ್ರಾಂಪ್ಟಿನಲ್ಲೇ ಪ್ರೊಕ್ ಪಾರ್ಟಿಷನ್ಸ್ ಕಡತವನ್ನು ಓದಿ ನೋಡಬೇಕು. ಪೆನ್‌ಡ್ರೈವ್ ಪಟ್ಟಿಯಲ್ಲಿ ಇಲ್ಲವೆಂದರೆ ಯುಎಸ್‌ಬಿ ಡ್ರೈವರಿನ ಕೊರತೆ ಅಥವಾ ಪೆನ್‌ಡ್ರೈವ್ ಸಿದ್ಧವಾಗಲು ಹಿಡಿದ ವಿಳಂಬ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿನಿಂದ ಕಿತ್ತು ಯುಎಸ್‌ಬಿ 2 ಪೋರ್ಟಿಗೆ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ. ಪಟ್ಟಿಯಲ್ಲಿ ಇದ್ದರೆ ಅನುಮಾನ ಪ್ರತಿ ಬರೆದ ವಿಧಾನದ ಮೇಲೆ. ಕ್ಯೂಇಎಮ್‌ಯು ಎಂಬ ವರ್ಚುವಲ್ ಯಂತ್ರದೊಳಗಿನ ಪರೀಕ್ಷೆ ಮೆನುವಿನ ತಪ್ಪುಗಳನ್ನು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ನಿಜವಾದ ಪೋರ್ಟಿನ ಈ ತಕರಾರುಗಳನ್ನು ತೋರಿಸದು. ಆದ್ದರಿಂದ ಮೇಜಿನ ಮೇಲೆ ನಿಜವಾದ ಯಂತ್ರಗಳಿರಲೇಬೇಕು.

ಗ್ರಾಫಿಕ್ಸ್ ತೊಂದರೆಗೆ ಬೂಟ್ ಸಾಲಿಗೆ ಸೇರಿಸುವ ನೋಮೋಡ್‌ಸೆಟ್ ಎಂಬ ಪರಿಚಿತ ಮದ್ದಿದೆ. ನನಗೆ ಹೆಚ್ಚು ಕಾಳಜಿಯಿರುವುದು ಕನ್ನಡದ ಬಗ್ಗೆ. ಗ್ರಬ್ ಮೆನುವಿಗಾಗಲಿ ಪಠ್ಯ ಕನ್ಸೋಲಿಗಾಗಲಿ ಒತ್ತಕ್ಷರ ಕೂಡಿಸುವ ಶಕ್ತಿಯಿಲ್ಲ. ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಕೆಲಸ ಮಾಡುವ ಡೆಸ್ಕ್‌ಟಾಪ್ ಬಂದ ಮೇಲಷ್ಟೇ ಕನ್ನಡ ಸರಿಯಾಗಿ ಮೂಡುತ್ತದೆ. ಹಾಗಾಗಿ ಡೆಸ್ಕ್‌ಟಾಪ್ ಕಂಡೊಡನೆ ಪರೀಕ್ಷೆ ಮುಗಿಸಬಾರದು. ಬೂಟ್ ಸಾಲಿನಲ್ಲಿ ಕೊಟ್ಟ ಕನ್ನಡದ ಆಯ್ಕೆ ಅಲ್ಲಿಯವರೆಗೆ ಉಳಿಯಿತೇ, ‘ಲಕ್ಷ್ಮೀ’ ಎಂದು ಟೈಪಿಸಿದರೆ ಒತ್ತುಗಳು ಕೂಡುತ್ತವೆಯೇ, ಬದಲಾವಣೆಗಳನ್ನು ಪೆನ್‌ಡ್ರೈವಿನಲ್ಲೇ ಉಳಿಸುವ ಪರ್ಸಿಸ್ಟೆನ್ಸ್ ಇಟ್ಟಿದ್ದರೆ ಕೀಲಿಮಣೆಯ ವಿನ್ಯಾಸ ಎರಡನೇ ಬೂಟಿನಲ್ಲೂ ಹಾಗೆಯೇ ಇದೆಯೇ, ಇಷ್ಟನ್ನೂ ನೋಡಬೇಕು.

ಇನ್ನು ಬೇರೆ ಬಗೆಯ ಪ್ರೊಸೆಸರುಗಳ ಮಾತು. ಅಡ್ಯಾರಿನ ಇನ್ನೊಂದು ಮಗ್ಗುಲಿಗಿರುವ ಐಐಟಿ ಮದ್ರಾಸಿನ ಶಕ್ತಿ ಪ್ರೊಸೆಸರ್ 2018ರಲ್ಲಿ ಲಿನಕ್ಸನ್ನು ಬೂಟ್ ಮಾಡಿತು. ಅದು ರಿಸ್ಕ್-ಫೈವ್ ವಿನ್ಯಾಸದ್ದು. ಇಂಟೆಲ್ ಯಂತ್ರಕ್ಕೆಂದು ಕಟ್ಟಿದ ಐಎಸ್‌ಒ ಅಲ್ಲಿ ನಡೆಯದು. ಇಂಥ ಬೋರ್ಡುಗಳಲ್ಲಿ ಎಷ್ಟೋ ಸಲ ಪರದೆಯೇ ಇರುವುದಿಲ್ಲ. ಆದ್ದರಿಂದ ಅಲ್ಲಿಯ ಪರೀಕ್ಷಾ ಪಟ್ಟಿಗೆ ಸೀರಿಯಲ್ ಕೇಬಲಿನಿಂದ ಇಳಿಸಿಕೊಂಡ ಲಾಗ್ ಕಡ್ಡಾಯವಾಗಿ ಸೇರಬೇಕು.