ಸರೋವರದ ನಡುವಣ ಸಭೆ

ಪುರಾಣ ಹೇಳುವವನೊಬ್ಬ, ಕೇಳುವವರು ಹಲವರು: ನಮಗೆ ರೂಢಿಯಾದದ್ದು ಇದೇ. ಅಂತೆಯೇ ಮಧ್ಯ ಅಮೆರಿಕದ ನಿಕರಾಗುವಾ ಸರೋವರದಲ್ಲಿರುವ ಸೊಲೆಂಟಿನಾಮೆ ದ್ವೀಪಗಳ ವೃತ್ತಾಂತ ನನ್ನನ್ನು ಬೆರಗುಗೊಳಿಸಿತು. ಪಾದ್ರಿಯೂ ಕವಿಯೂ ಆಗಿದ್ದ ಎರ್ನೆಸ್ಟೊ ಕಾರ್ಡೆನಾಲ್ 1966ರಲ್ಲಿ ಅಲ್ಲಿ ನೆಲೆಸಿದರು. ಭಾನುವಾರದ ಪೂಜೆಯಲ್ಲಿ ತಾವೊಬ್ಬರೇ ಪ್ರಸಂಗ ಮಾಡುವುದನ್ನು ಬಿಟ್ಟರು. ಓದಬಲ್ಲವರು ಸುವಾರ್ತೆಯನ್ನು ಓದುವರು; ಬೆಸ್ತರು, ಒಕ್ಕಲುಮಕ್ಕಳು, ಹೆಂಗಸರು ತಮಗೆ ತೋಚಿದ ಅರ್ಥ ಹೇಳುವರು. ಹೆರೋದನ ಕಥೆ ಬಂದಾಗ ಅವರಿಗೆ ತಮ್ಮ ಸರ್ವಾಧಿಕಾರಿ ಸೊಮೊಜಾನ ನೆನಪಾಯಿತು! ಆ ಮಾತುಕತೆ 1975ರಲ್ಲಿ ಗ್ರಂಥರೂಪ ತಾಳಿತು.

1977ರ ಅಕ್ಟೋಬರಿನಲ್ಲಿ ಅವರಲ್ಲಿ ಕೆಲವು ತರುಣರು ಸಾನ್ ಕಾರ್ಲೋಸಿನ ಸೈನಿಕ ಠಾಣೆಯ ಮೇಲಣ ದಾಳಿಯಲ್ಲಿ ಸೇರಿದರು; ಸೈನ್ಯ ಆ ನೆಲೆಯನ್ನೇ ನಾಶಮಾಡಿತು. ಸುವಾರ್ತೆಯಿಂದ ಬಂದೂಕಿಗೆ ಹೋದ ದಾರಿಯನ್ನು ನಾನು ಒಪ್ಪಲಾರೆ. ಆದರೆ ಬರಿಯ ಶ್ರೋತೃಗಳಾಗಿದ್ದವರು ಗ್ರಂಥವನ್ನು ತಮ್ಮ ಬಾಳಿಗೆ ಹಚ್ಚಿ ಓದಿದರೆಂಬುದನ್ನು ಅಲ್ಲಗಳೆಯಲೂ ಆರೆ.