ಹೃದ್ರೋಗದ ತೀವ್ರತೆ: ಒಂದು ಅಳತೆಗೋಲಿನ ಕಥೆ

ಆಸ್ಪತ್ರೆಯ ಹೊರಗೆ ಕಾದು ಕುಳಿತ ಮನೆಯವರು ವೈದ್ಯರನ್ನು ಕೇಳುವುದು ಒಂದೇ ಪ್ರಶ್ನೆ: “ಜೀವಕ್ಕೇನೂ ಅಪಾಯವಿಲ್ಲ ತಾನೆ?” ಊಹೆಯನ್ನು ಬಿಟ್ಟು ಲಕ್ಷಣಗಳ ಆಧಾರದ ಮೇಲೆ ಇದಕ್ಕೆ ಉತ್ತರ ಹೇಳಲು ವೈದ್ಯವಿಜ್ಞಾನಕ್ಕೆ ಬಹುಕಾಲ ಹಿಡಿಯಿತು.

1928ರಲ್ಲಿ ನ್ಯೂಯಾರ್ಕಿನ ಹೃದಯ ಸಂಘವು ಹೃದ್ರೋಗಿಗಳನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿತು. ಅದಕ್ಕೆ ಯಂತ್ರವೇನೂ ಬೇಕಿರಲಿಲ್ಲ. ದಿನನಿತ್ಯದ ಕೆಲಸದಲ್ಲಿ ಏದುಸಿರು ಬಾರದವರು ಮೊದಲನೆಯ ದರ್ಜೆ. ಸುಮ್ಮನೆ ಕುಳಿತಾಗಲೂ ಉಸಿರಿಗೆ ಕಷ್ಟಪಡುವವರು ನಾಲ್ಕನೆಯದು. ಹಲವು ಬಾರಿ ತಿದ್ದುಪಡಿಯಾದರೂ ಈ ಕ್ರಮ ಇಂದಿಗೂ ಬಳಕೆಯಲ್ಲಿದೆ.

ನಮ್ಮ ದೆಹಲಿಯಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರು ಬರ್ಮಾದಲ್ಲಿ ಹುಟ್ಟಿದ ಡಾ. ಎಸ್. ಪದ್ಮಾವತಿ. 1954ರಲ್ಲಿ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಅವರು ಹೃದ್ರೋಗ ಚಿಕಿತ್ಸಾಲಯ ತೆರೆದರು. ಶ್ವಾಸಕೋಶ ಕೆಟ್ಟು, ಅದರಿಂದ ಹೃದಯದ ಬಲಭಾಗ ಸೋಲುವ ಕಾಯಿಲೆಯ 127 ರೋಗಿಗಳ ಅಧ್ಯಯನವನ್ನು 1959ರಲ್ಲಿ ಸಹೋದ್ಯೋಗಿಯೊಡನೆ ಪ್ರಕಟಿಸಿದರು. ಧೂಮಪಾನದ ಅಭ್ಯಾಸ ಅಷ್ಟಾಗಿ ಇಲ್ಲದ ಹೆಂಗಸರಲ್ಲಿಯೂ ಈ ಕಾಯಿಲೆ ಕಂಡಾಗ ಅನುಮಾನ ಹೋದದ್ದು ಅಡುಗೆಮನೆಯ ಹೊಗೆಯ ಕಡೆಗೆ! ಕಾಲಿನ ಊತ, ಉಬ್ಬಿದ ಕತ್ತಿನ ರಕ್ತನಾಳ ಇವೇ ಆ ಕಾಯಿಲೆ ಮುಂದುವರಿದ ಗುರುತುಗಳು. 2020ರಲ್ಲಿ, ತಮ್ಮ 103ನೆಯ ವಯಸ್ಸಿನಲ್ಲಿ, ಪದ್ಮಾವತಿಯವರು ತೀರಿಕೊಂಡರು.

ಹೃದಯಾಘಾತದ ವಿಷಯದಲ್ಲಿ ದೊಡ್ಡ ಹೆಜ್ಜೆ ಇಟ್ಟವರು ಕಿಲಿಪ್ ಮತ್ತು ಕಿಂಬಲ್ ಎಂಬ ಅಮೆರಿಕದ ವೈದ್ಯರು. 250 ರೋಗಿಗಳನ್ನು ಪರೀಕ್ಷಿಸಿ 1967ರಲ್ಲಿ ಅವರು ಕೊಟ್ಟ ಲೆಕ್ಕ ಹೀಗಿದೆ: ಹೃದಯ ಸೋತ ಲಕ್ಷಣವೇ ಇಲ್ಲದವರಲ್ಲಿ ಶೇಕಡ 6 ಮಂದಿ ಆಸ್ಪತ್ರೆಯಲ್ಲಿ ಸತ್ತರು. ಸ್ಟೆಥೊಸ್ಕೋಪಿನಲ್ಲಿ ಶ್ವಾಸಕೋಶದ ತಳದ ಚಿಟಿಚಿಟಿ ಸದ್ದು ಕೇಳಿದವರಲ್ಲಿ ಶೇಕಡ 17. ಶ್ವಾಸಕೋಶದಲ್ಲಿ ನೀರು ತುಂಬಿದವರಲ್ಲಿ 38. ರಕ್ತದೊತ್ತಡ ಕುಸಿದು ಮೈ ತಣ್ಣಗಾದವರಲ್ಲಿ 81. ಚಿಕಿತ್ಸೆ ಸುಧಾರಿಸಿದಂತೆ ಈ ಸಂಖ್ಯೆಗಳು ಇಳಿದಿವೆ. ಆದರೆ ಮೆಟ್ಟಿಲುಗಳ ಕ್ರಮ ಬದಲಾಗಿಲ್ಲ.

ಮುಂದೆ ರಕ್ತವೇ ಮಾತನಾಡತೊಡಗಿತು. ಹೃದಯದ ಮಾಂಸಖಂಡಕ್ಕೆ ಪೆಟ್ಟು ಬಿದ್ದರೆ ಟ್ರೋಪೊನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಹೃದಯದ ಮೇಲೆ ಭಾರ ಹೆಚ್ಚಿದರೆ ಬಿ.ಎನ್.ಪಿ. ಎಂಬ ಹಾರ್ಮೋನು ಏರುತ್ತದೆ. ಜಪಾನಿನ ವಿಜ್ಞಾನಿಗಳು ಇದನ್ನು 1988ರಲ್ಲಿ ಮೊದಲು ಕಂಡದ್ದು ಹಂದಿಯ ಮಿದುಳಿನಲ್ಲಿ!

ಇವು ಯಾವುವೂ ಜಾತಕವಲ್ಲ. ನೂರು ಜನರ ಲೆಕ್ಕ ಒಬ್ಬನ ಹಣೆಬರಹ ಹೇಳದು. ಯಾರಿಗೆ ತುರ್ತಾಗಿ ಏನು ಮಾಡಬೇಕೆಂಬುದನ್ನು ಮಾತ್ರ ತಿಳಿಸುತ್ತದೆ. ಇಷ್ಟೆಲ್ಲ ಪರೀಕ್ಷೆಗಳು ಬಂದರೂ 1928ರ ಪ್ರಶ್ನೆ ಮೂಲೆಗೆ ಬಿದ್ದಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಮನೆಯವರೇ. ಊರಿನಿಂದ ಬಂದ ತಾಯಿ ಎರಡನೆಯ ಮಹಡಿ ಹತ್ತುವಾಗ ನಡುವೆ ನಿಂತು “ವಯಸ್ಸಾಯಿತಲ್ಲಪ್ಪ” ಎಂದರೆ ಅಲ್ಲಿಗೇ ಬಿಡಬಾರದು. ಎಷ್ಟು ಮೆಟ್ಟಿಲಿಗೆ ಏದುಸಿರು, ಮಲಗಲು ಎಷ್ಟು ದಿಂಬು, ಕಾಲು ಊದಿದ್ದು ಎಂದಿನಿಂದ ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳಬೇಕು. ಎದೆನೋವಾದರಂತೂ ಅದು ಶುರುವಾದ ಗಳಿಗೆಯನ್ನು ನೆನಪಿಟ್ಟುಕೊಂಡು ಕೂಡಲೇ ಆಸ್ಪತ್ರೆಗೆ ಹೊರಡಬೇಕು.