ಆರ್ಟರಿ: ಗಾಳಿಯ ಹೆಸರು ಹೊತ್ತ ರಕ್ತನಾಳ

ಹೃದಯದಿಂದ ರಕ್ತ ಒಯ್ಯುವ ನಾಳ ‘ಆರ್ಟರಿ’. ಗ್ರೀಕರ ‘ಆರ್ಟೇರಿಯಾ’ ಮೊದಲಿಗೆ ಸೂಚಿಸುತ್ತಿದ್ದದ್ದು ಶ್ವಾಸನಾಳವನ್ನು. ಸತ್ತ ಪ್ರಾಣಿಯನ್ನು ಕೊಯ್ದು ನೋಡಿದರೆ ಹೃದಯದಿಂದ ಹೊರಡುವ ನಾಳಗಳು ಬಹುಪಾಲು ಬರಿದಾಗಿರುತ್ತವೆ, ರಕ್ತವೆಲ್ಲ ಸಿರೆಗಳಲ್ಲಿ ನಿಂತಿರುತ್ತದೆ. ಹಾಗಾಗಿ ಇವುಗಳಲ್ಲಿ ಹರಿಯುವುದು ಪ್ರಾಣವಾಯು ಎಂದು ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್‌ನಂಥ ಮೇಧಾವಿಯೂ ನಂಬಿದ್ದ. ಕ್ರಿ.ಶ. 2ನೇ ಶತಮಾನದಲ್ಲಿ ವೈದ್ಯ ಗ್ಯಾಲೆನ್ ಜೀವಂತ ಪ್ರಾಣಿಯ ನಾಳವನ್ನು ಎರಡು ಕಡೆ ದಾರದಿಂದ ಬಿಗಿದು ನಡುವೆ ಸೀಳಿದ. ಒಳಗಿದ್ದದ್ದು ರಕ್ತವೇ. ನಂಬಿಕೆ ಬಿತ್ತು, ಹೆಸರು ಉಳಿಯಿತು.

ನನಗೆ ರೋಮಾಂಚನ ತರುವುದು ಆರ್ಟರಿಗಿರುವ ನಮ್ಮದೇ ಪದ. ‘ಅಪಧಮನಿ’ಯೊಳಗಿನ ‘ಧಮನಿ’ ಬಂದದ್ದು ‘ಊದು’ ಎಂಬರ್ಥದ ಸಂಸ್ಕೃತ ಧಾತುವಿನಿಂದ. ಶಂಖ ಊದುವುದಕ್ಕೂ, ಕುಲುಮೆಯಲ್ಲಿ ತಿದಿಯೊತ್ತಿ ಕೆಂಡ ಉರಿಸುವುದಕ್ಕೂ ಅದೇ ಧಾತು. ಇದು ಎರವಲಲ್ಲ, ಮಣಿಕಟ್ಟಿನ ಮಿಡಿತದ ಮೇಲೆ ಬೆರಳಿಟ್ಟ ಎರಡು ನಾಡಿನ ಜನ ಬೇರೆ ಬೇರೆಯಾಗಿಯೇ ಗಾಳಿಯನ್ನು ನೆನೆದರೆಂದು ನನಗನಿಸುತ್ತದೆ. ಎಷ್ಟು ಸಹಜ! ಉಸಿರು ನಿಂತರೆ ಮಿಡಿತವೂ ನಿಲ್ಲುತ್ತದಲ್ಲ.

ರಕ್ತನಾಳಕ್ಕೂ ‘ಆರ್ಟೇರಿಯಾ’ ಎಂಬ ಹೆಸರೇ ಅಂಟಿದ ಮೇಲೆ ಶ್ವಾಸನಾಳವನ್ನು ಗ್ರೀಕರು ‘ಟ್ರಾಖೇಯಾ ಆರ್ಟೇರಿಯಾ’, ಅಂದರೆ ‘ಒರಟು ಆರ್ಟರಿ’ ಎಂದರು. ಮುಂದೆ ಆ ನಾಮಪದ ಉದುರಿ, ವಿಶೇಷಣವಷ್ಟೇ ಉಳಿಯಿತು. ವೈದ್ಯರು ಇಂದು ಹೇಳುವ ‘ಟ್ರೇಕಿಯಾ’ದ ಅರ್ಥ ಬರೀ ‘ಒರಟಾದದ್ದು’. ಗಂಟಲಗುಳಿಯ ಮೇಲೆ ಮೆಲ್ಲನೆ ಬೆರಳಾಡಿಸಿ: ಮೃದ್ವಸ್ಥಿಯ ಉಂಗುರಗಳು ಏಣಿಮೆಟ್ಟಿಲಂತೆ ತಾಗುತ್ತವೆ.